ಗಂಟಿಗೊಂದು ಹೆಸರು

ಬಸವನಗುಡಿಯಲ್ಲಿ ಚಕ್ರಪಾಣಿಯವರ ಮನೆಯ ಮಹಡಿ ಮೇಲೆ ಪ್ರತಿ ತಿಂಗಳ ಎರಡನೇ ಭಾನುವಾರ 'ಹೊಸರುಚಿ' ಕೂಟ ಸೇರುತ್ತಿತ್ತು. ಹೆಸರು ಕೇಳಿ ಅಡುಗೆಯವರ ಸಂಘ ಅಂದುಕೊಳ್ಳಬೇಡಿ. ಆ ತಿಂಗಳು ತಾನು ಹೊಸದಾಗಿ ಕಂಡದ್ದು, ಕೇಳಿದ್ದು, ಮನಸ್ಸಿಗೆ ಹಿಡಿಸಿದ್ದು ಏನಾದರೊಂದನ್ನು ಒಬ್ಬೊಬ್ಬರೂ ಹತ್ತು ನಿಮಿಷ ಹೇಳಬೇಕು. ಒಬ್ಬರು ಕೊರಿಯಾದ ಧಾರಾವಾಹಿಯ ಅತ್ತೆಯನ್ನು ಹೊಗಳಿದರೆ ಇನ್ನೊಬ್ಬರು ಚರಂಡಿ ಪಕ್ಕ ಸಿಕ್ಕ ವೀರಗಲ್ಲಿನ ಫೋಟೊ ತೋರಿಸುತ್ತಿದ್ದರು. ಹತ್ತು ನಿಮಿಷ ದಾಟಿತೋ, ಚಕ್ರಪಾಣಿಯವರು ಪೂಜೆಯ ಗಂಟೆ ಅಲ್ಲಾಡಿಸುತ್ತಿದ್ದರು. ಅವರ ಸರದಿಯಲ್ಲಿ ಗಂಟೆ ಬಾರಿಸುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವರು, ಮೇಲಾಗಿ ಕಾಫಿ ಅವರದು.

ಚಾಮರಾಜಪೇಟೆಯ ಕುಸುಮಾ ಆ ಕೂಟಕ್ಕೆ ಸೇರಿ ಎರಡು ವರ್ಷವಾಗಿತ್ತು. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ, ವಯಸ್ಸು ಐವತ್ತೆರಡು. ತಿಂಗಳಿಡೀ ಫೈಲು ನೋಡಿ ಮಂಕಾದ ಕಣ್ಣಿಗೆ ಆ ಒಂದು ಭಾನುವಾರ ಹಬ್ಬವಿದ್ದಂತೆ. ಅಲ್ಲಿ ಅವಳು ಒಮ್ಮೆ ತನ್ನ ಅಮ್ಮನ ಪದಗಳನ್ನು ಕೇಳಿಸಿದಳು. ಅಮ್ಮ ಸಪ್ಪಲಮ್ಮ ನಲವತ್ತು ವರ್ಷ ಕೃಷ್ಣರಾಜ ಮಾರುಕಟ್ಟೆಯಲ್ಲಿ ಹೂ ಕಟ್ಟಿ ಮಾರಿದವಳು. ಎಂಬತ್ತೊಂದು ದಾಟಿದರೂ ಬೆಳಿಗ್ಗೆ ಎದ್ದು ಬಾಗಿಲಲ್ಲಿ ಕುಳಿತು ನಾಲ್ಕು ಮನೆಯ ದೇವರಿಗೆ ಹೂ ಕಟ್ಟುತ್ತಿದ್ದಳು. ಕಟ್ಟುತ್ತ ಪದ ಹೇಳುತ್ತಿದ್ದಳು. ಎಲ್ಲ ಅವಳೇ ಜೋಡಿಸಿದ ಪದಗಳು. ಕುಸುಮಾ ಹನ್ನೊಂದು ಪದಗಳನ್ನು ಮೊಬೈಲಿನಲ್ಲಿ ಹಿಡಿದಿಟ್ಟಿದ್ದಳು.

"ಮೊಗ್ಗೀಗೆ ಮೊಗ್ಗ ಜೋಡಿಸಿ ಕಟ್ಟೀನಿ, ಮುಡಿಯೋಳು ಯಾರೋ ನಾ ಕಾಣೆ..."

ಕೂಟ ಉಸಿರು ಬಿಗಿಹಿಡಿದು ಕೇಳಿತು. ಚಕ್ರಪಾಣಿಯವರು ಗಂಟೆ ಮುಟ್ಟಲಿಲ್ಲ. "ಇದನ್ನ ನಂಗೆ ವಾಟ್ಸಾಪ್ ಮಾಡ್ಬಿಡಿ ಕುಸುಮಾ ಅವರೇ, ಸಮಾಧಾನವಾಗಿ ಕೇಳ್ತೀನಿ" ಅಂದರು. ಹೆಮ್ಮೆಯಿಂದ ಹಿಗ್ಗಿದ ಕುಸುಮಾ ಮೆಟ್ಟಿಲಿಳಿಯುವಷ್ಟರಲ್ಲೇ ಹನ್ನೊಂದನ್ನೂ ಕಳಿಸಿದ್ದಳು.

ಮೂರು ತಿಂಗಳ ಮೇಲೆ ಮಲ್ಲೇಶ್ವರದ ಸಭಾಂಗಣವೊಂದರಲ್ಲಿ ಚಕ್ರಪಾಣಿಯವರ ಉಪನ್ಯಾಸ: 'ಹೂಪೇಟೆಯ ಹಾಡುಗಳು'. ಅಮ್ಮನನ್ನು ವೇದಿಕೆಗೆ ಕರೆಯುತ್ತಾರೆ ಎಂದುಕೊಂಡ ಕುಸುಮಾ ಅವಳಿಗೆ ರೇಷ್ಮೆ ಸೀರೆ ಉಡಿಸಿ ಕರೆದುಕೊಂಡು ಹೋದಳು. ಮೂರನೇ ಸಾಲಿನಲ್ಲಿ ಕೂತರು. ಚಕ್ರಪಾಣಿಯವರು ಕನ್ನಡಕ ಸರಿಮಾಡಿಕೊಂಡು, ತಾವು ಮಾರುಕಟ್ಟೆಯ ಗಲ್ಲಿಗಲ್ಲಿ ಅಲೆದದ್ದನ್ನೂ ಕೊನೆಗೆ ಮೂಲೆಯೊಂದರಲ್ಲಿ ಹೆಸರು ದಿಕ್ಕಿಲ್ಲದ ಮುದುಕಿಯೊಬ್ಬಳನ್ನು ಪತ್ತೆ ಹಚ್ಚಿದ್ದನ್ನೂ ಬಣ್ಣಿಸಿದರು. "ಆಕೆ ಈಗ ಇಲ್ಲ. ನಾನು ಈ ಹಾಡುಗಳನ್ನು ದಾಖಲಿಸಿಕೊಂಡ ಮೂರನೇ ದಿನಕ್ಕೆ ತೀರಿಕೊಂಡಳು" ಎಂದು ಎರಡು ಕ್ಷಣ ತಲೆ ತಗ್ಗಿಸಿದರು.

"ಯಾರೇ ಅದು ಸತ್ತೋಗಿದ್ದು, ಪಾಪ?" ಅಂತ ಸಪ್ಪಲಮ್ಮ ಮಗಳ ಕಿವಿಯಲ್ಲಿ ಕೇಳಿದಳು.

ಅಷ್ಟರಲ್ಲಿ ಸ್ಪೀಕರಿನಿಂದ ಅವಳದೇ ದನಿ ಬಂತು. ಮುದುಕಿ ಮಗಳ ಮುಖ ನೋಡಿದಳು, ವೇದಿಕೆ ನೋಡಿದಳು, ಆಮೇಲೆ ಮಡಿಲಲ್ಲಿದ್ದ ತನ್ನ ಎರಡು ಕೈಗಳನ್ನು ನೋಡಿಕೊಂಡಳು.

ಮಾರನೇ ದಿನದಿಂದ ಬಾಗಿಲಲ್ಲಿ ಹೂ ಕಟ್ಟುವ ಕೆಲಸ ನಡೆಯಿತು, ಪದ ನಿಂತಿತು. "ಯಾಕಮ್ಮ?" ಅಂದರೆ "ಗಂಟ್ಲು ಕಟ್ಕೊಂಡದೆ" ಅನ್ನುತ್ತಿದ್ದಳು. ಹುಟ್ಟಿದಾಗಿನಿಂದ ಆ ದನಿ ಕೇಳುತ್ತ ಎದ್ದ ಕುಸುಮಾಗೆ ಆ ಮೌನದ ಮನೆಯಲ್ಲಿ ಬೆಳಗಿನ ಕಾಫಿಯೂ ರುಚಿಸುತ್ತಿರಲಿಲ್ಲ.

ಅವಳು ಚಕ್ರಪಾಣಿಯವರಿಗೆ ಫೋನು ಮಾಡಿ ಮರ್ಯಾದೆಯಿಂದಲೇ ಕೇಳಿದಳು. ಅವರು ಮಗುವಿಗೆ ಪಾಠ ಹೇಳುವವರಂತೆ ನಕ್ಕರು.

"ನೋಡೀಮ್ಮಾ, ಜನಪದಕ್ಕೆ ಹೆಸರಿರಲ್ಲ. ಹೆಸರು ಹಾಕಿದ್ರೆ ಅದು ಜನಪದ ಹೇಗಾಗತ್ತೆ?"

"ಆದ್ರೆ ನಿಮ್ಮ ಹೆಸರು ಪೋಸ್ಟರ್ ಮೇಲಿತ್ತಲ್ಲ ಸಾರ್. ನಮ್ಮಮ್ಮ ಸತ್ತೇಹೋದ್ರು ಅಂದ್ರಿ."

"ಅದು ಸ್ವಲ್ಪ ಎಫೆಕ್ಟಿಗೆ. ಅಷ್ಟಕ್ಕೆಲ್ಲ ಮನಸ್ಸಿಗೆ ಹಚ್ಕೋಬಾರದು."

ಫೋನಿಟ್ಟ ಕುಸುಮಾಗೆ ಮೈಯೆಲ್ಲ ಉರಿದುಹೋಯಿತು. ಜಗಳವಾಡಿದರೆ ಅವರು ಇನ್ನೊಂದು ಉಪನ್ಯಾಸ ಕೊಟ್ಟಾರು, ಅಷ್ಟೆ. ಸೇಡು ತೀರಿಸಿಕೊಳ್ಳಲೇಬೇಕು, ಅದೂ ಅಮ್ಮನ ಕಣ್ಣೆದುರಿಗೆ, ಅಷ್ಟೇ ದೊಡ್ಡ ಸಭೆಯಲ್ಲಿ ಎಂದು ಅವಳು ಅಂದೇ ತೀರ್ಮಾನಿಸಿದಳು. ಆ ಮನುಷ್ಯನ ಚಪಲ ಅವಳಿಗೆ ಗೊತ್ತಿತ್ತು. ವಾರದಲ್ಲಿ ಯಾರಾದರೂ ಫೋನಿನಲ್ಲಿ ಹೇಳಿದ ಹೊಸ ಸಂಗತಿ ಭಾನುವಾರಕ್ಕೆ ಅವರ ಸ್ವಂತದ್ದಾಗಿರುತ್ತಿತ್ತು. ಕೂಟದ ವಿನುತಾ ಮಗಳ ಮನೆಯಲ್ಲಿ ಕಲಿತು ಬಂದ ಟರ್ಕಿ ದೇಶದ ಬೇಳೆ ಸೂಪು ಕೂಡ ಹಾಗೆಯೇ ಚಕ್ರಪಾಣಿಯವರ ಶೋಧವಾಗಿ ಹೋಗಿತ್ತು. ಪಾಪ, ವಿನುತಾ ತನ್ನದೇ ಸೂಪಿನ ವಿವರಣೆಗೆ ಚಪ್ಪಾಳೆ ತಟ್ಟಿ ಬಂದಿದ್ದಳು.

ಕೂಟಕ್ಕೆ ಹತ್ತು ವರ್ಷ ತುಂಬಿದ ನೆಪದಲ್ಲಿ ಚಾಮರಾಜಪೇಟೆಯ ಒಂದು ಸಭಾಂಗಣದಲ್ಲಿ ಚಕ್ರಪಾಣಿಯವರಿಗೆ ಸನ್ಮಾನ ಗೊತ್ತಾಯಿತು. ಅದಕ್ಕೆ ಎಂಟು ದಿನ ಇರುವಾಗ ಕುಸುಮಾ ಫೋನು ಮಾಡಿದಳು. ದನಿಗೆ ಬೆಣ್ಣೆ ಸವರಿಕೊಂಡಿದ್ದಳು.

"ಸಾರ್, ಒಂದು ವಿಷಯ ಹೇಳೋದು ಮರ್ತೇ ಹೋಗಿತ್ತು. ಮಾರ್ಕೆಟ್ಟಲ್ಲಿ ಒಬ್ಬಳ ಪದಾನ ಇನ್ನೊಬ್ಬಳು ತನ್ನದು ಅಂತ ಹೇಳ್ಕೊಂಡ್ರೆ ಶಿಕ್ಷೆ ಇತ್ತಂತೆ. ಎಲ್ಲರ ಮುಂದೆ ಕೂತು ಇಡೀ ಹಾರ ಬಿಚ್ಚಬೇಕು. ಒಂದೊಂದು ಗಂಟು ಬಿಚ್ಚುವಾಗ್ಲೂ ಪದದ ಒಡತಿಯ ಹೆಸರು ಹೇಳ್ಬೇಕು."

ಆ ಕಡೆ ಪೆನ್ನು ಹುಡುಕುವ ಸದ್ದು ಕೇಳಿಸಿತು. "ಅದ್ಭುತ! ಅದ್ಭುತ ಕಣಮ್ಮ! ಇದನ್ನ ಬೇರೆ ಯಾರಿಗೂ ಹೇಳಿಲ್ಲ ತಾನೆ?"

"ಇಲ್ಲ ಸಾರ್. ನಿಮ್ಮ ಹಾರ ನಾವೇ ತರ್ತೀವಿ. ಸೂಜೀಲಿ ಪೋಣಿಸಿದ್ದಲ್ಲ, ಕೈಯಲ್ಲೇ ಕಟ್ಟಿದ್ದು."

ತಾವು ಮಾಡಿದ್ದು ಕಳ್ಳತನ ಎಂದು ಚಕ್ರಪಾಣಿಯವರಿಗೆ ಒಂದು ಸಲವಾದರೂ ಅನ್ನಿಸಿದ್ದರೆ ಆ ಸಂಗತಿಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಅನ್ನಿಸಿರಲೇ ಇಲ್ಲ. ಕುಸುಮಾ ನಂಬಿಕೊಂಡದ್ದು ಅದನ್ನೇ.

ಸನ್ಮಾನದ ಭಾನುವಾರ ಬೆಳಿಗ್ಗೆ ಸಪ್ಪಲಮ್ಮ ಬಾಗಿಲಲ್ಲಿ ಕುಳಿತು ಕಾಕಡ ಮಲ್ಲಿಗೆಯ ಹಾರ ಕಟ್ಟಿದಳು. ಯಾರಿಗೆ, ಯಾಕೆ ಎಂದು ಮಗಳು ಹೇಳಿದ್ದಳು, ಎಷ್ಟು ಬಿಚ್ಚಬೇಕು ಎಂಬುದೊಂದನ್ನು ಬಿಟ್ಟು. ಮುದುಕಿ "ಹೂಂ" ಅಂದದ್ದಷ್ಟೆ. ಎಂದಿಗಿಂತ ನಿಧಾನವಾಗಿ, ತುಟಿ ಬಿಗಿದು ಕಟ್ಟಿದಳು.

ಸಭೆಯಲ್ಲಿ ಇನ್ನೂರು ಜನ ಸೇರಿದ್ದರು. ಸಪ್ಪಲಮ್ಮ ಈ ಸಲವೂ ಮೂರನೇ ಸಾಲಿನಲ್ಲೇ ಕೂತಳು. ಅವಳ ಪಕ್ಕದಲ್ಲಿ ಹೂವಿನ ದಾಕ್ಷಾಯಣಮ್ಮ ಮತ್ತು ಮಾರುಕಟ್ಟೆಯ ಏಳೆಂಟು ಹೆಂಗಸರು ಸಾಲಾಗಿ ಕೂತರು. ಶಾಲು ಹೊದಿಸಿ ಹಾರ ಹಾಕಿದ ಮೇಲೆ ಚಕ್ರಪಾಣಿಯವರು ಮೈಕು ಹಿಡಿದರು. ತಮ್ಮ ಹೊಸ ಶೋಧವನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಅವರಿಗೆ ಐದು ನಿಮಿಷವೂ ಆಗಲಿಲ್ಲ.

"ಆ ಅನಕ್ಷರಸ್ಥ ಹೆಂಗಸರ ನ್ಯಾಯ ನೋಡಿ! ಬೇರೆಯವಳ ಹಾಡು ಕದ್ದರೆ ಸಭೆಯ ಮುಂದೆ ಇಡೀ ಹಾರ ಬಿಚ್ಚಬೇಕು! ಗಂಟಿಗೊಂದು ಸಲ ಒಡತಿಯ ಹೆಸರು ಹೇಳಬೇಕು! ನಾವು ಓದಿದವರು, ನಮ್ಮಲ್ಲಿದೆಯೇ ಈ ಪ್ರಾಮಾಣಿಕತೆ?"

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಕುಸುಮಾ. ಅವರು ಉಬ್ಬಿಹೋಗಿ "ಈಗ ದಿವಂಗತಳಾದ ಆ ತಾಯಿಯ ದನಿಯನ್ನೇ ಕೇಳಿ" ಎಂದು ಸನ್ನೆ ಮಾಡಿದರು.

"ಮೊಗ್ಗೀಗೆ ಮೊಗ್ಗ ಜೋಡಿಸಿ ಕಟ್ಟೀನಿ..." ಎಂದು ಸ್ಪೀಕರು ಹಾಡಿತು. ಕುಸುಮಾ ಅಮ್ಮನ ಮೊಣಕೈ ಮುಟ್ಟಿದಳು. ಸಪ್ಪಲಮ್ಮ ಎದ್ದು ನಿಂತಳು.

"ಮುಡಿಯೋಳು ಯಾರೋ ನಾ ಕಾಣೆ..."

ಅದೇ ದನಿ, ಅದೇ ಎಳೆತ. ಸ್ಪೀಕರಿನವನು ಗಾಬರಿಯಾಗಿ ಬಟನ್ ಒತ್ತಿ ನಿಲ್ಲಿಸಿದ. ಮುದುಕಿ ನಿಲ್ಲಿಸಲಿಲ್ಲ, ಉಳಿದದ್ದಷ್ಟನ್ನೂ ಒಬ್ಬಳೇ ಹೇಳಿ ಮುಗಿಸಿದಳು.

"ನಾನೇ ಸಾಮಿ ಆ ಸತ್ತೋಳು. ಹೆಸ್ರು ಸಪ್ಪಲಮ್ಮ. ನಾನು ನಿಮ್ಮುನ್ನ ಕಣ್ಣಲ್ಲಿ ಕಂಡಿದ್ದು ಮಲ್ಲೇಶ್ವರದಾಗೆ, ನಾನು ಸತ್ತ ದಿನ. ಈಗ ಏನೋ ನ್ಯಾಯ ಹೇಳಿದ್ರಲ್ಲ, ಬಿಚ್ಚಿ."

ಚಕ್ರಪಾಣಿಯವರು ಮೈಕನ್ನು ಎರಡೂ ಕೈಯಲ್ಲಿ ಹಿಡಿದರು. "ಅಮ್ಮಾ... ಜನಪದ ಅಂದ್ರೆ ಅದಕ್ಕೆ ಹೆಸರು..." ಎಂದು ಶುರುಮಾಡಿದರು. ಅಷ್ಟರಲ್ಲಿ ವೇದಿಕೆಯ ಪಕ್ಕದಲ್ಲಿ ಕೂಟದ ಗಂಟೆ ಢಣಢಣ ಮೊಳಗಿತು. ಬಾರಿಸುತ್ತಿದ್ದವಳು ವಿನುತಾ.

"ನಿಮ್ಮ ಹತ್ತು ನಿಮಿಷ ಮುಗೀತು ಸಾರ್. ನೀವೇ ಹೇಳಿದ ಪದ್ಧತಿ, ಕೂತ್ಕೊಂಡು ಬಿಚ್ಚಿ."

"ಬಿಚ್ಚಿ, ಬಿಚ್ಚಿ" ಅಂತ ಹಿಂದಿನ ಸಾಲಿನಿಂದಲೂ ದನಿಗಳು ಎದ್ದವು. ಎಲ್ಲರ ಕೈಯಲ್ಲೂ ಮೊಬೈಲು ಮೇಲೆದ್ದಿತ್ತು. ಎದ್ದುಹೋದ ದಾಕ್ಷಾಯಣಮ್ಮ ಬಾಗಿಲ ಬಳಿ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. ಚಕ್ರಪಾಣಿಯವರು ಅತ್ತ ನೋಡಿದರು, ಇತ್ತ ನೋಡಿದರು, ಸನ್ಮಾನದ ಕುರ್ಚಿಯಲ್ಲಿ ಕುಸಿದು ಕೊರಳಿನ ಹಾರ ತೆಗೆದರು.

ಕೈಯಲ್ಲಿ ಕಟ್ಟಿದ ಹಾರ ದಾರದ ತುದಿ ಎಳೆದರೆ ಸರಸರನೆ ಬಿಚ್ಚಿಕೊಳ್ಳುತ್ತದೆ. ಹತ್ತು ನಿಮಿಷದ ಅವಮಾನ, ಅಷ್ಟು ಸಾಕು ಎಂದು ಕುಸುಮಾ ಎಣಿಸಿದ್ದಳು. ಆದರೆ ದಾರ ಜಗ್ಗಲಿಲ್ಲ. ಅವರು ಉಗುರು ಹಾಕಿದರು, ಹಲ್ಲು ಕಚ್ಚಿದರು. ಮೊದಲ ಗಂಟು ಸಡಿಲವಾಗಲು ಒಂದು ನಿಮಿಷ ಹಿಡಿಯಿತು.

"ಹೆಸ್ರು ಹೇಳಿ ಸಾಮಿ, ಮೈಕಲ್ಲಿ."

"ಸಪ್ಪಲಮ್ಮ" ಎಂದು ಮೈಕು ಗೊಣಗಿತು.

ಮುಂದಿನ ಗಂಟು. "ಸಪ್ಪಲಮ್ಮ." ಇನ್ನೊಂದು. "ಸಪ್ಪಲಮ್ಮ." ಇನ್ನೂರು ಗಂಟಿನ ಹಾರ. ಅರ್ಧ ಗಂಟೆಗೆ ಅವರ ಉಗುರು ಹಸಿರಾಗಿ ದನಿ ಕೀರಲಾಯಿತು. ಊಟದ ಹೊತ್ತು ಮೀರಿದರೂ ಒಬ್ಬರೂ ಏಳಲಿಲ್ಲ. ಕುಸುಮಾ ಕಣ್ಣು ಮಿಟುಕಿಸದೆ ನೋಡಿದಳು. ಕನಿಕರ ಬಂದೀತು ಎಂದು ಅವಳಿಗೆ ಭಯವಿತ್ತು, ಬರಲಿಲ್ಲ. ಪ್ರತಿ ಸಲ ಅಮ್ಮನ ಹೆಸರು ಕೇಳಿದಾಗಲೂ ಎದೆಯಲ್ಲಿ ಕೂತಿದ್ದ ಉರಿ ಒಂದಿಷ್ಟು ಆರುತ್ತ ಬಂತು. ಹಾರ ಮುಗಿಯಲು ಒಂದೂಮುಕ್ಕಾಲು ಗಂಟೆ ಬೇಕಾಯಿತು. ಸಪ್ಪಲಮ್ಮ ವೇದಿಕೆ ಹತ್ತಿ ಬಿಡಿಹೂಗಳನ್ನೆಲ್ಲ ಸೆರಗಿಗೆ ಬಳಿದುಕೊಂಡು ಇಳಿದಳು.

ಮನೆಗೆ ಹೋಗುವಾಗ ಆಟೋದಲ್ಲಿ ಮುದುಕಿ ಕೇಳಿದಳು. "ಇಡೀ ಹಾರ ಬಿಚ್ಚಬೇಕು ಅಂತ ಆವಯ್ಯಂಗೆ ಯಾರೇ ಹೇಳಿದ್ದು? ನಮ್ ಕಾಲ್ದಾಗೆ ಒಂದು ಮೊಳ ಬಿಚ್ಚಿದ್ರೆ ಆಗೋಯ್ತಿತ್ತು. ಆಮ್ಯಾಕೆ ಕಾಫಿ ಕುಡಿಸ್ತಿದ್ವಿ."

"ನಾನೇ ಹೇಳಿದ್ದು" ಅಂದಳು ಕುಸುಮಾ. ಆಮೇಲೆ ಅಮ್ಮನ ಕಡೆ ತಿರುಗಿ, "ಅಲ್ಲಮ್ಮ, ಅದ್ಯಾಕೆ ಅಷ್ಟು ಗಟ್ಟಿಯಾಗಿತ್ತು? ಯಾವತ್ತೂ ಒಂದೇ ಗಂಟು ಹಾಕೋಳು ನೀನು" ಎಂದು ಕೇಳಿದಳು.

ಸಪ್ಪಲಮ್ಮ ಸೆರಗಿನ ಹೂಗಳನ್ನು ಎರಡೆರಡಾಗಿ ಜೋಡಿಸುತ್ತಿದ್ದಳು.

"ಸತ್ತೋಳು ಕಟ್ಟಿದ ಹಾರ ಕಣೇ. ಅಷ್ಟು ಸಲೀಸಾಗಿ ಬಿಚ್ಕೊಂತದಾ?"

ಆಟೋ ಸಿಗ್ನಲ್ಲಿನಲ್ಲಿ ನಿಂತಿತ್ತು. ಮುದುಕಿ ಗಂಟಲು ಸರಿಮಾಡಿಕೊಂಡು ಪದ ಶುರುಮಾಡಿದಳು.