ಸೂರ್ಯಪ್ರಕಾಶರು ಬಿಟ್ಟ ಮಂದು

ಹೊಸ ವರ್ಷದ ಸಂಕಲ್ಪಗಳ ವಿಷಯದಲ್ಲಿ ನನ್ನ ಹೆಂಡತಿ ಹೈಮಾವತಿಗೆ ನನ್ನ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ತಪ್ಪು ಅವಳದಲ್ಲ. ಪ್ರತಿ ಜನವರಿ ಒಂದರಂದು ಬ್ಯಾಂಕಿನವರು ಕೊಡುವ ಡೈರಿಯ ಮೊದಲ ಪುಟದಲ್ಲಿ ನಾನು ಏನಾದರೊಂದು ಬರೆಯುತ್ತೇನೆ. ಸಂಕ್ರಾಂತಿಯ ಎಳ್ಳು ಬೀರುವ ಹೊತ್ತಿಗೆ ಅದರ ಕಥೆ ಮುಗಿದಿರುತ್ತದೆ. ಒಂದು ವರ್ಷ ಬೆಳಗಿನ ವಾಕಿಂಗ್ ಎಂದು ಬರೆದೆ, ನಾಲ್ಕು ದಿನ ನಡೆದೆ. ಇನ್ನೊಂದು ವರ್ಷ ಸಿಟ್ಟು ಬಿಡುತ್ತೇನೆಂದು ಬರೆದೆ. ಆ ಡೈರಿ ಎಲ್ಲಿಟ್ಟಿದ್ದೀರಿ ಎಂದು ಮಾರನೆಯ ದಿನವೇ ಮನೆಯವರ ಮೇಲೆಲ್ಲ ಹಾರಾಡಿದೆ.

೧೯೯೧ರ ಜನವರಿ ಒಂದರಂದು ನಾವು ವಿಜಯವಾಡದಲ್ಲಿದ್ದೆವು. ನಂಜನಗೂಡಿನಿಂದ ವರ್ಗವಾಗಿ ಬಂದು ಒಂದು ತಿಂಗಳಷ್ಟೇ ಆಗಿತ್ತು. ಗವರ್ನರ್‌ಪೇಟೆ ಶಾಖೆಯಲ್ಲಿ ಕೆಲಸ, ಹಿಂದಿನ ಬೀದಿಯಲ್ಲಿ ಮನೆ. ಮೇಲೆ ನಾವು, ಕೆಳಗೆ ಮನೆ ಮಾಲೀಕರಾದ ಸೂರ್ಯಪ್ರಕಾಶರು. ಆ ಸಲ ಡೈರಿಯಲ್ಲಿ ಬರೆದೆ: 'ಈ ವರ್ಷ ತೆಲುಗು ಕಲಿಯುವುದು. ಮಾತಾಡುವುದು, ಓದುವುದು, ಎರಡೂ.'

"ನೋಡಣ. ಸಂಕ್ರಾಂತಿಗೆ ಇನ್ನು ಹದಿನಾಲ್ಕೇ ದಿನ" ಅಂದಳು ಹೈಮಾವತಿ.

ನಿಜ ಹೇಳಬೇಕೆಂದರೆ ನಾನು ಆಗಲೇ ಅರ್ಧ ಕಲಿತಿದ್ದೇನೆಂಬ ಹಮ್ಮಿನಲ್ಲಿದ್ದೆ. ಬ್ಯಾಂಕಿನಲ್ಲಿ ನನ್ನ ಗುರು ರಾಮಮೋಹನ್ ಎಂಬ ಕ್ಲಾರ್ಕು. ಆತನಿಗೆ ಶನಿವಾರದ ಸಂಜೆ ಬಿಟ್ಟರೆ ವಾರದ ಬೇರೆ ದಿನಗಳ ಮೇಲೆ ಆಸಕ್ತಿಯಿಲ್ಲ. ಶನಿವಾರ 'ಮಂದು' ಎಲ್ಲಿ, ಯಾರು ತರುವುದು, ಹೋದ ವಾರ ಮಂದು ಹೆಚ್ಚಾಗಿ ಯಾರು ಎಲ್ಲಿ ಬಿದ್ದರು, ಇದೇ ಮಾತು. ಹಾಗಾಗಿ ನಾನು ತೆಲುಗಿನಲ್ಲಿ ಗಟ್ಟಿಯಾಗಿ ಕಲಿತ ಮೊದಲ ಪದ ಮಂದು. ಮಂದು ಎಂದರೆ ಹೆಂಡ, ಬ್ರಾಂದಿ, ವಿಸ್ಕಿ, ಒಟ್ಟಿನಲ್ಲಿ ಕುಡಿಯುವಂಥದ್ದು.

ಆ ಬೆಳಿಗ್ಗೆ ಸೂರ್ಯಪ್ರಕಾಶರು ಕೆಳಗೆ ತುಳಸಿ ಗಿಡಕ್ಕೆ ನೀರು ಹಾಕುತ್ತಿದ್ದರು. ಇಬ್ರಾಹಿಂಪಟ್ನಂ ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಅರವತ್ತು ದಾಟಿದೆ, ಎತ್ತರದ ಮನುಷ್ಯ. ಹೆಂಡತಿ ಸೂರ್ಯಕಾಂತಮ್ಮ ಮಗಳ ಬಾಣಂತನಕ್ಕೆಂದು ನಾಲ್ಕು ದಿನದ ಹಿಂದೆ ವಿಶಾಖಪಟ್ಟಣಕ್ಕೆ ಹೋಗಿದ್ದರು. ನಾನು ಬಾಲ್ಕನಿಯಿಂದಲೇ ನನ್ನ ಸಂಕಲ್ಪವನ್ನು ಹರಕುಮುರುಕು ತೆಲುಗಿನಲ್ಲಿ ಹೇಳಿ, ನಿಮ್ಮದೇನು ಎಂದು ಕೇಳಿದೆ. ಅವರು ಚೆಂಬು ಕೆಳಗಿಟ್ಟು ಎದೆಯುಬ್ಬಿಸಿ ಅಂದರು:

"ಮಂದು ಮಾನೇಶಾನು!"

ಮಾನೇಶಾನು ಎಂದರೆ ಬಿಟ್ಟುಬಿಟ್ಟೆ. ಅದೂ ನನಗೆ ಗೊತ್ತಿತ್ತು, ರಾಮಮೋಹನ್ ಪ್ರತಿ ಸೋಮವಾರ ಹೇಳುತ್ತಿದ್ದ ಮಾತು. ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಬಂದಾಗಿನಿಂದ ಗಮನಿಸಿದ್ದೆ, ಅವರ ಕಣ್ಣು ಕೆಲವು ಬೆಳಿಗ್ಗೆ ಕೆಂಪಗಿರುತ್ತಿದ್ದವು, ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದರು. ಪಾಪ, ದೊಡ್ಡ ಮನುಷ್ಯ, ಈ ಚಟವೊಂದು ಎಂದುಕೊಂಡಿದ್ದೆ. "ಶಭಾಷ್!" ಎಂದು ಚಪ್ಪಾಳೆ ತಟ್ಟಿದೆ. "ಯಾರು ಬಲವಂತ ಮಾಡಿದರೂ ಮುಟ್ಟಬೇಡಿ! ದಿನಾ ಬೆಳಿಗ್ಗೆ ನಾನು ಕೇಳುತ್ತೇನೆ."

"ನಮ್ಮಾಕೆಯೇ ಬಲವಂತ ಮಾಡುವವಳು" ಅಂದರು ಅವರು.

ಎಂಥ ಹೆಂಗಸಪ್ಪಾ ಎಂದುಕೊಂಡೆ. ನೋಡಿದರೆ ಹಾಗೆ ಕಾಣುತ್ತಿರಲಿಲ್ಲ.

ಅಂದಿನಿಂದ ಶುರುವಾಯಿತು. ದಿನಾ ಬೆಳಿಗ್ಗೆ ಏಳಕ್ಕೆ ನಾನು ಬಾಲ್ಕನಿಗೆ ಬಂದು "ಮಂದು?" ಎಂದು ಕೂಗುವುದು, ಅವರು ಕೆಳಗಿನಿಂದ "ಮಾನೇಶಾನು!" ಅನ್ನುವುದು, ನಾನು ಡೈರಿಯಲ್ಲಿ ಒಂದು ಸರಿ ಗುರುತು ಹಾಕುವುದು. ನನ್ನ ಸಂಕಲ್ಪಕ್ಕಿಂತ ಅವರ ಸಂಕಲ್ಪದ ಮೇಲೆ ನನಗೆ ಹೆಚ್ಚು ಉಮೇದು. ಸಂಕ್ರಾಂತಿ ಬಂತು, ಹೋಯಿತು, ಗುರುತು ನಿಲ್ಲಲಿಲ್ಲ. ಹೈಮಾವತಿಯ ಮುಂದೆ ಡೈರಿ ಹಿಡಿದು ಮೀಸೆ ತಿರುವಿದೆ.

ಎರಡನೆಯ ವಾರದ ಕೊನೆಗೆ ಅವರ ಮುಖ ಊದಿಕೊಂಡಂತೆ ಕಂಡಿತು. ಕಣ್ಣು ಮೊದಲಿಗಿಂತ ಕೆಂಪು. ತಲೆ ಭಾರ, ರಾತ್ರಿ ನಿದ್ದೆಯಿಲ್ಲ ಅಂದರು. ಚಟ ಬಿಟ್ಟವರಿಗೆ ಮೊದಮೊದಲು ಹೀಗೇ ಆಗುತ್ತದೆ, ಗಟ್ಟಿಮನಸ್ಸು ಮಾಡಿ ಎಂದು ನಾನೇ ಬುದ್ಧಿ ಹೇಳಿದೆ.

ಹತ್ತೊಂಬತ್ತನೆಯ ತಾರೀಕು, ಶನಿವಾರ, ವಿಶಾಖಪಟ್ಟಣದಿಂದ ಹೈಮಾವತಿಯ ಹೆಸರಿಗೆ ಒಂದು ಇನ್‌ಲ್ಯಾಂಡ್ ಲೆಟರ್ ಬಂತು. ಸೂರ್ಯಕಾಂತಮ್ಮನವರದು, ಪೂರ್ತಿ ತೆಲುಗಿನಲ್ಲಿ. ಹೈಮಾವತಿಗೆ ತೆಲುಗು ಓದಲು ಬರುವುದಿಲ್ಲ. ನನಗೆ ಬರುತ್ತದೆ ಎಂದು ನಾನೇ ಸಾರಿಕೊಂಡು ಬಂದಿದ್ದೆನಲ್ಲ, ನಾಳೆ ಭಾನುವಾರ ಬಿಡುವಾಗಿ ಓದಿ ಹೇಳುತ್ತೇನೆ ಎಂದು ಮೇಜಿನ ಮೇಲಿಟ್ಟೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ಕೂಗಿದರೆ ಕೆಳಗಿನಿಂದ ಉತ್ತರವಿಲ್ಲ. ಬಾಗಿಲಿಗೆ ಬೀಗ. ಪಕ್ಕದ ಮನೆಯ ಲಕ್ಷ್ಮೀಕಾಂತಮ್ಮ, ಅಮ್ಮನವರ ದರ್ಶನಕ್ಕೆಂದು ಬೆಟ್ಟಕ್ಕೆ ಹೋದರು, ಮೆಟ್ಟಿಲು ಹತ್ತಿಯೇ ಹೋಗುತ್ತಾರಂತೆ, ಅಂದರು. ಭಲೇ ಎಂದುಕೊಂಡು ಬಂದು, ಕಾಫಿ ಪಕ್ಕಕ್ಕಿಟ್ಟುಕೊಂಡು ಕಾಗದ ಬಿಡಿಸಿದೆ.

ತೆಲುಗು ಅಕ್ಷರವೆಂದರೆ ನಮ್ಮದೇ ಅಕ್ಷರಕ್ಕೆ ತಲೆಕಟ್ಟು ಬೇರೆ ಥರ ಕಟ್ಟಿದ ಹಾಗೆ. ಒಂದೊಂದನ್ನೇ ಕೂಡಿಸಿ ಗಟ್ಟಿಯಾಗಿ ಓದುತ್ತ ಹೋದೆ. ಮಗಳು ಕ್ಷೇಮ, ಗಂಡು ಮಗು. ಆಮೇಲೆ: "ಆಯನ ಮೂಡು ಪೂಟಲಾ ಮಂದು ವೇಸುಕುಂಟುನ್ನಾರೋ ಲೇದೋ ಚೂಡಂಡಿ."

ನಾನು ಕಾಗದವನ್ನು ಮೇಜಿಗೆ ಕುಕ್ಕಿದೆ. "ಕೇಳಿದ್ಯೇನೇ? ಗಂಡ ಮೂರು ಹೊತ್ತೂ ಮಂದು ಹಾಕ್ತಾರೋ ಇಲ್ವೋ ನೋಡ್ಕೊಳಿ ಅಂತ ಬರ್ದಿದಾರೆ! ಮೂರು ಹೊತ್ತೂ! ಬೆಳಿಗ್ಗೆನೂ ಕುಡಿಸ್ತಾರಂತೆ ಈ ಮಹಾತಾಯಿ!"

ಹೈಮಾವತಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ಮಂದು ಅಂದ್ರೆ ಮದ್ದು ಅಲ್ವೇನ್ರೀ?"

"ಏನು?"

"ಮದ್ದು ಕಣ್ರೀ. ಔಷಧಿ. ಅವ್ರಿಗೆ ಬಿ.ಪಿ. ಜಾಸ್ತಿ ಅಂತ ಸೂರ್ಯಕಾಂತಮ್ಮ ಹೋಗೋವಾಗ ತಲೆ ಮುಟ್ಕೊಂಡು, ಮಾತ್ರೆ ತೋರ್ಸಿ ಸನ್ನೇಲಿ ಹೇಳಿದ್ರು. ಮೂರು ಹೊತ್ತು ತಗೊಳೋದು. ಅವ್ರು ದೊಡ್ಡೋರು, ತಾವೇ ತಗೋತಾರೆ ಅನ್ಕೊಂಡಿದ್ದೆ ನಾನು. ನೀವು ದಿನಾ ಮಂದು ಮಂದು ಅಂತ ಕೂಗ್ತಿದ್ರಲ್ಲ, ತಗೊಂಡ್ರಾ ಅಂತ ವಿಚಾರಿಸ್ತಿದೀರಿ ಅಂತ..."

ತೆಲುಗಿನಲ್ಲಿ ಹೆಂಡಕ್ಕೂ ಔಷಧಿಗೂ ಒಂದೇ ಪದ, ಮಂದು. ಒಂದಕ್ಷರ ತೆಲುಗು ಕಲಿಯದವಳಿಗೆ ಸರಿಯಾಗಿ ತಿಳಿದದ್ದು, ಕಲಿತ ನನಗೆ ತಿಳಿಯದೆ ಹೋಗಿತ್ತು. ನಾನೂ ಏನೂ ಕಲಿಯದೆ ನಂಜನಗೂಡಿನ ದಡ್ಡನಾಗಿಯೇ ಉಳಿದಿದ್ದರೆ ಮಂದು ನನ್ನ ಕಿವಿಗೂ ಮದ್ದಾಗಿಯೇ ಕೇಳಿಸುತ್ತಿತ್ತು. ಹತ್ತೊಂಬತ್ತು ದಿನ ಆ ಮನುಷ್ಯ ಮಾತ್ರೆ ಮುಟ್ಟಿಲ್ಲ. ಹತ್ತೊಂಬತ್ತು ದಿನ ನಾನು ಚಪ್ಪಾಳೆ ತಟ್ಟಿ ಗುರುತು ಹಾಕಿದ್ದೇನೆ. ಈಗ ಅವರು ಬೆಟ್ಟ ಹತ್ತುತ್ತಿದ್ದಾರೆ.

ಚಪ್ಪಲಿ ಮೆಟ್ಟಿದೆನೋ ಇಲ್ಲವೋ ನೆನಪಿಲ್ಲ. ಆಟೋ ಹಿಡಿದು ಅಮ್ಮನವರ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟದ ಬುಡಕ್ಕೆ ಬಂದೆ. ಭಾನುವಾರದ ಜನ. ಮೆಟ್ಟಿಲುಗಳಿಗೆ ಅರಿಶಿನ ಕುಂಕುಮ ಹಚ್ಚುತ್ತ ಹತ್ತುತ್ತಿದ್ದ ಹೆಂಗಸರನ್ನು ದಾಟಿಕೊಂಡು ಓಡಿದೆ. ಐವತ್ತು ಮೆಟ್ಟಿಲಿಗೇ ನನ್ನ ಎದೆ ಹೊಡೆದುಕೊಳ್ಳತೊಡಗಿತು. ನಾಲ್ಕು ದಿನಕ್ಕೆ ಕೈಬಿಟ್ಟ ವಾಕಿಂಗಿಗೆ ಶಾಪ ಹಾಕಿಕೊಂಡೆ. ಎದುರಿಗೆ ಇಳಿದು ಬರುವವರ ಮುಖವನ್ನೆಲ್ಲ ನೋಡಿದೆ, ಯಾರಾದರೂ ಗಾಬರಿಯಾಗಿದ್ದಾರೆಯೇ, ಮೇಲೆ ಎಲ್ಲಾದರೂ ಗುಂಪು ಸೇರಿದೆಯೇ ಎಂದು. ಸೂರ್ಯಕಾಂತಮ್ಮನವರಿಗೆ ಏನು ಬರೆಯಲಿ? ಅಮ್ಮಾ, ಅವರನ್ನು ಕಾಪಾಡು, ಇನ್ನು ಜನ್ಮದಲ್ಲಿ ಯಾವ ಸಂಕಲ್ಪವನ್ನೂ ಮಾಡುವುದಿಲ್ಲ ಎಂದು ಬೇಡಿಕೊಂಡೆ. ಅದೂ ಒಂದು ಸಂಕಲ್ಪವೇ ಎಂದು ಆಗ ಹೊಳೆಯಲಿಲ್ಲ.

ಒಂದು ತಿರುವಿನಲ್ಲಿ, ಗೋಡೆಯ ನೆರಳಿನಲ್ಲಿ ಅವರು ಕೂತಿದ್ದರು. ತಲೆ ಗೋಡೆಗೆ ಒರಗಿತ್ತು, ಕಣ್ಣು ಮುಚ್ಚಿತ್ತು.

"ಸೂರ್ಯಪ್ರಕಾಶಗಾರೂ!"

ಕಣ್ಣು ತೆರೆದರು. ನನ್ನನ್ನು ನೋಡಿ ನಕ್ಕರು. ನಾನು ಅಲ್ಲೇ, ಅವರ ಕಾಲ ಬುಡದ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತುಬಿಟ್ಟೆ. ನಲವತ್ತು ದಾಟಿದ ಬ್ಯಾಂಕ್ ಆಫೀಸರು ನಡುಮೆಟ್ಟಿಲಲ್ಲಿ ಬಿಕ್ಕಿ ಬಿಕ್ಕಿ ಅತ್ತದ್ದನ್ನು ವಿಜಯವಾಡದ ಜನ ನೋಡಿಕೊಂಡು ಹೋದರು. ನಾಚಿಕೆಯೇನೂ ಆಗಲಿಲ್ಲ.

ತಲೆ ಸುತ್ತಿದ ಹಾಗಾಯಿತು, ಸ್ವಲ್ಪ ಕೂತೆ, ನೀವು ಯಾಕೆ ಅಳುತ್ತೀರಿ ಎಂದು ಅವರು ತೆಲುಗಿನಲ್ಲಿ ಕೇಳಿದರು. ಮೇಲಕ್ಕೆ ಹೋಗಲು ನಾನು ಬಿಡಲಿಲ್ಲ. ಅಲ್ಲಿಂದಲೇ ಕೈಮುಗಿಸಿ, ತೋಳು ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ನೇರ ಅವರ ಡಾಕ್ಟರ ಮನೆಗೆ ಕರೆದೊಯ್ದೆ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ಅಂಕಿ ನೋಡಿ ಇಬ್ಬರಿಗೂ ಸೇರಿಸಿ ಬೈದರು. ಆಮೇಲೆ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು.

"ಬಿ.ಪಿ. ಬಹಳ ಏರಿದೆ. ಆದರೆ ಸದ್ಯ, ಏನೂ ಅನಾಹುತ ಆಗಿಲ್ಲ. ಈಗಲೇ ಶುರು ಮಾಡಿ" ಅಂದರು.

ಅಲ್ಲೇ ಬೆಂಚಿನ ಮೇಲೆ ಅವರು ಮಾತ್ರೆ ನುಂಗಿದರು. ನೀರಿನ ಲೋಟ ಹಿಡಿದಿದ್ದವನು ನಾನು. ಅದು ಗಂಟಲಿನಲ್ಲಿ ಇಳಿಯುವುದನ್ನು ನೋಡಿದಾಗ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆಗ ಎಲ್ಲವನ್ನೂ ಒಪ್ಪಿಕೊಂಡೆ. ರಾಮಮೋಹನ್, ಶನಿವಾರ, ಕೆಂಪು ಕಣ್ಣು, ಎಲ್ಲ. ಅವರು ಮೊದಲು ಕಣ್ಣರಳಿಸಿದರು, ಆಮೇಲೆ ತೊಡೆ ತಟ್ಟಿಕೊಂಡು ನಕ್ಕರು.

"ನಾನಾ? ಮಂದಾ? ಜನ್ಮದಲ್ಲಿ ಮೂಸಿ ನೋಡಿಲ್ಲ, ಶ್ರೀಕಂಠಗಾರೂ!" ಅಂದರು. ಆಮೇಲೆ ನಗು ನಿಲ್ಲಿಸಿ, ತಗ್ಗಿದ ದನಿಯಲ್ಲಿ, "ಮೂರು ಹೊತ್ತು ಮಾತ್ರೆ ನುಂಗುವಾಗೆಲ್ಲ ಮುದುಕನಾದೆ ಅನ್ನಿಸುತ್ತಿತ್ತು. ಎರಡು ದಿನ ಬಿಟ್ಟು ನೋಡೋಣ ಅಂತಷ್ಟೇ ಇದ್ದೆ. ಮೂರನೆಯ ದಿನಕ್ಕೇ ಹೆದರಿಕೆಯಾಗಿ ಡಬ್ಬಿ ಕೈಗೆ ತಗೊಂಡೆ. ಅಷ್ಟರಲ್ಲಿ ಮೇಲಿನಿಂದ ನೀವು ಕೂಗಿದಿರಿ. ಅಷ್ಟು ಸಂತೋಷಪಡುವವರ ಮುಂದೆ ಸೋತೆ ಅಂತ ಹೇಗೆ ಹೇಳಲಿ?" ಅಂದರು.

ಅವರ ಕೈ ಹಿಡಿದುಕೊಂಡೆ. ಬೆಚ್ಚಗಿತ್ತು, ಅಷ್ಟೇ ಸಾಕಾಗಿತ್ತು ನನಗೆ.

ಆ ಸಂಜೆ ವಿಶಾಖಪಟ್ಟಣಕ್ಕೆ ಉತ್ತರ ಬರೆದೆ. ನಾನು ತೆಲುಗಿನಲ್ಲಿ ಬರೆದ ಮೊಟ್ಟಮೊದಲ ವಾಕ್ಯ ಅದು: 'ಆಯನ ಮೂಡು ಪೂಟಲಾ ಮಂದು ವೇಸುಕುಂಟುನ್ನಾರು.' ಅಂದಿನ ಮಟ್ಟಿಗೆ ಮಧ್ಯಾಹ್ನ ಮತ್ತು ರಾತ್ರಿ, ಎರಡೇ ಹೊತ್ತಿನ ಸತ್ಯ. ಮಾರನೆಯ ದಿನದಿಂದ ಪೂರ್ತಿ ಸತ್ಯವಾಯಿತು.

ಕೂಗುವುದನ್ನು ನಾನು ಬಿಡಲಿಲ್ಲ. ದಿನಾ ಏಳಕ್ಕೆ ಬಾಲ್ಕನಿಯಿಂದ "ಮಂದು ವೇಸುಕುನ್ನಾರಾ?", ಮದ್ದು ತಗೊಂಡಿರಾ, ಎನ್ನುತ್ತಿದ್ದೆ. ಕೆಳಗಿನಿಂದ "ವೇಸುಕುನ್ನಾನು!", ತಗೊಂಡೆ, ಎಂದು ಉತ್ತರ ಬರುತ್ತಿತ್ತು. ಕೆಲವೇ ದಿನಗಳಲ್ಲಿ, ಈ ಕರ್ನಾಟಕದ ಆಫೀಸರು ಮುಂಜಾನೆ ಎದ್ದು ಮುಖ ತೊಳೆಯುವ ಮೊದಲೇ ಮಂದಿನ ಮಾತಾಡುತ್ತಾನೆ, ಆ ಸಭ್ಯ ಸೂರ್ಯಪ್ರಕಾಶರನ್ನೂ ಕೆಡಿಸಿದ ಎಂಬ ಸುದ್ದಿ ಬೀದಿಯ ತುಂಬ ಹಬ್ಬಿತು. ಅದು ಬ್ಯಾಂಕಿಗೂ ಮುಟ್ಟಿ, ರಾಮಮೋಹನ್ ನನ್ನ ಟೇಬಲ್ಲಿನ ಹತ್ತಿರ ಬಂದು, "ಬೆಳಿಗ್ಗೇನೇನಾ ಸಾರ್?" ಎಂದು ಭಕ್ತಿಯಿಂದ ಕೇಳಿದ. ಹೌದು ಅಂದೆ. ಲಕ್ಷ್ಮೀಕಾಂತಮ್ಮ ಹೈಮಾವತಿಯನ್ನು ಪಕ್ಕಕ್ಕೆ ಕರೆದು ಸಮಾಧಾನ ಹೇಳಿದರಂತೆ.

"ನಿಜ ಹೇಳ್ಬಿಡ್ರೀ, ಮಾನ ಹೋಗ್ತಿದೆ" ಅಂದಳು ಹೈಮಾವತಿ.

"ಹೋದ್ರೆ ಹೋಗ್ಲಿ ಬಿಡೇ" ಅಂದೆ.

ಆ ವರ್ಷದ ಡೈರಿ ಈಗಲೂ ನನ್ನ ಹತ್ತಿರವಿದೆ. ನಾನು ಡಿಸೆಂಬರ್ ಮೂವತ್ತೊಂದರವರೆಗೂ ತುಂಬಿಸಿದ ಡೈರಿ ಅದೊಂದೇ. ಮೊದಲ ಹತ್ತೊಂಬತ್ತು ಗುರುತುಗಳನ್ನು ಹೊಡೆದುಹಾಕಿದ್ದೇನೆ. ಇಪ್ಪತ್ತನೆಯ ತಾರೀಕಿನ ಎದುರು ಮಾತ್ರ ಹೈಮಾವತಿಯೇ ಪೆನ್ನು ಕಿತ್ತುಕೊಂಡು ಗುರುತು ಹಾಕಿದಳು.