ಕಲಿಸದ ಗುಂಪು

ನನ್ನ ಸೊಸೆ ಈಗ ಡಾಕ್ಟರು. ಜ್ವರಕ್ಕೆ ಮಾತ್ರೆ ಕೊಡುವ ಡಾಕ್ಟರಲ್ಲ, ಹೆಸರಿನ ಮುಂದೆ ಹಾಕಿಕೊಳ್ಳುವ ಡಾಕ್ಟರು. ಬಾಗಿಲಿಗೆ ಹಿತ್ತಾಳೆಯ ಫಲಕ ಬಂದಿದೆ. ಅದನ್ನು ಒರೆಸಿ ಫಳಫಳ ಅನ್ನಿಸುವ ಕೆಲಸ ನನ್ನ ಮೊಮ್ಮಗಳದು. ಬಂದವರೆಲ್ಲ ಫಲಕ ನೋಡಿ ಬಾಯ್ತುಂಬ ಹೊಗಳುತ್ತಾರೆ. ಅದು ಹೇಗೆ ಬಂತು ಅಂತ ಯಾರೂ ಕೇಳುವುದಿಲ್ಲ, ಅದಕ್ಕೇ ಕೇಳದಿದ್ದರೂ ಹೇಳುತ್ತಿದ್ದೇನೆ.

ಮನೆಯಲ್ಲಿ ನಾವು ನಾಲ್ಕು ಜನ. ನನ್ನ ಮಗ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾನೆ. ಊರಿಗೆಲ್ಲ ಕಣ್ಣು ಕಾಣುವಂತೆ ಮಾಡುವ ಮಹಾರಾಯನಿಗೆ ಮನೆಯೊಳಗೆ ಏನೂ ಕಾಣುವುದಿಲ್ಲ. ಸೊಸೆ ಕಾಲೇಜಿನಲ್ಲಿ ಇಂಗ್ಲಿಷ್ ಮೇಡಂ. ನಾಲ್ಕನೆಯವಳು ಚೂಟಿ, ತೀರಿಹೋದ ನನ್ನ ಮಗಳ ಮಗಳು, ಓದುವುದು ಅದೇ ಕಾಲೇಜಿನಲ್ಲಿ. ಅಡುಗೆಮನೆಯ ಪಕ್ಕದ ಸಾಮಾನು ಕೋಣೆಯಲ್ಲಿ ನಾನೂ ಅವಳೂ ಮಲಗುತ್ತೇವೆ. ಆ ಕೋಣೆಗೆ ಕಿಟಕಿ ಇಲ್ಲ.

ಚೂಟಿಗೆ ಇದ್ದದ್ದು ಒಂದೇ ಆಸೆ, ದೊಡ್ಡಾಸ್ಪತ್ರೆಯ ನರ್ಸಿಂಗ್ ಶಾಲೆ. ಸೇರಿದವರಿಗೆ ಊಟ, ವಸತಿ ಅಲ್ಲೇ, ಓದು ಮುಗಿದ ಮೇಲೆ ಕೆಲಸವೂ ಅಲ್ಲೇ. ಆದರೆ ಸಂದರ್ಶನ ಇಂಗ್ಲಿಷಿನಲ್ಲಿ. ಒಮ್ಮೆ ಬೇಡ ಅಂದವರನ್ನು ಮತ್ತೆ ಬಾಗಿಲಿಗೂ ಸೇರಿಸುವುದಿಲ್ಲ.

"ನಂಗೆ ಸೀಟು ಸಿಗ್ಲಿ ಅಜ್ಜಿ, ಕೆಲಸ ಸಿಕ್ಕಿದ್ ದಿನಾನೇ ನಿನ್ನ ಕರ್ಕೊಂಡು ಹೋಗ್ತೀನಿ. ಎರಡು ಕಿಟಕಿ ಇರೋ ಕೋಣೆ ನೋಡ್ತೀನಿ," ಅನ್ನುತ್ತಿದ್ದಳು.

"ಎರಡ್ಯಾಕೇ?"

"ನಿಂಗೊಂದು, ನಂಗೊಂದು. ಜಗಳ ಬೇಡ."

ಚೂಟಿ ಸಂದರ್ಶನಕ್ಕೆ ತಯಾರಾಗಬೇಕಿದ್ದ ವರ್ಷವೇ ಸೊಸೆಯ ಸಂಶೋಧನೆ ಶುರುವಾಯಿತು. ವಿದ್ಯಾರ್ಥಿಗಳು ಇಂಗ್ಲಿಷ್ ಮಾತು ಹೇಗೆ ಕಲಿಯುತ್ತಾರೆ ಅನ್ನುವುದು ವಿಷಯ. ಅವಳೊಂದು ಹೊಸ ವಿಧಾನ ಕಂಡುಹಿಡಿದಿದ್ದಳು: ಪುಸ್ತಕ ಮುಚ್ಚಿ, ಎದುರುಬದುರು ಕೂತು, ಬರೀ ಮಾತು. ಅದು ಒಳ್ಳೆಯದು ಅಂತ ತೋರಿಸಬೇಕಾದರೆ ಎರಡು ಗುಂಪು ಬೇಕಂತೆ. ಒಂದು ಕಲಿಸುವ ಗುಂಪು, ಇನ್ನೊಂದು ಕಲಿಸದ ಗುಂಪು. ವರ್ಷದ ಕೊನೆಗೆ ಎರಡನ್ನೂ ಮಾತಾಡಿಸಿ ಧ್ವನಿ ಹಿಡಿದಿಟ್ಟು ತೂಗಿ ನೋಡುವುದು. ಯಾರು ಯಾವ ಗುಂಪು ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು, ಎತ್ತುವವರಿಗೆ ಅದರಲ್ಲಿ ಏನು ಬರೆದಿದೆ ಅಂತ ತಿಳಿಯಬಾರದು.

"ಅತ್ತೆ, ನಿಮ್ಗಿಂತ ಯೋಗ್ಯರು ಯಾರಿದ್ದಾರೆ?" ಅಂತ ಸೊಸೆ ಹೆಸರಿನ ಚೀಟಿ ತುಂಬಿದ ಸ್ಟೀಲ್ ಡಬ್ಬಿಯನ್ನು ನನ್ನ ಮಡಿಲಿಗೆ ಇಟ್ಟಳು. ಮದುವೆಯಾಗಿ ಬಂದ ಮೇಲೆ ಅವಳು ನನ್ನನ್ನು ಯೋಗ್ಯಳು ಅಂದದ್ದು ಅದೇ ಮೊದಲು. ನಾನೂ ಉಬ್ಬಿಹೋಗಿ ಒಂದು ಬಲಕ್ಕೆ, ಒಂದು ಎಡಕ್ಕೆ ಹಾಕುತ್ತಾ ಹೋದೆ. ಇಂಗ್ಲಿಷ್ ಅಕ್ಷರ ನನಗೆ ಇರುವೆ ಸಾಲು. ಯಾವ ಇರುವೆ ನನ್ನ ಮೊಮ್ಮಗಳು ಅಂತ ನನಗೇನು ಗೊತ್ತು!

ಎಡಕ್ಕೆ ಬಿದ್ದಿದ್ದಳು ಚೂಟಿ. ಎಡಕ್ಕೆ ಅಂದರೆ ಕಲಿಸದ ಗುಂಪು.

"ಅಯ್ಯೋ, ಅದೊಂದನ್ನ ಈ ಕಡೆ ಹಾಕಮ್ಮ. ಮಗು ಸಂದರ್ಶನಕ್ಕೆ ಹೋಗ್ಬೇಕು," ಅಂದೆ.

"ಹಾಗ್ ಮಾಡಿದ್ರೆ ಅದು ಸಂಶೋಧನೆ ಆಗಲ್ಲ ಅತ್ತೆ, ಮೋಸ ಆಗತ್ತೆ."

ಮೋಸ ಅಂದರೆ ಅವಳಿಗೆ ಆಗ ಅಷ್ಟು ಭಯ. ನಗಬೇಕೋ ಅಳಬೇಕೋ.

ಕಲಿಸದ ಗುಂಪಿನವರು ಎಲ್ಲಿಯೂ ಕಲಿಯಬಾರದು, ಕಲಿತರೆ ತೂಕ ಕೆಡುತ್ತದೆ. ಕಾಲೇಜಿನ ಬೇರೆ ಮಕ್ಕಳು ಮನೆಗೆ ಹೋಗಿ ಏನು ಮಾಡುತ್ತಾರೋ ಇವಳು ಕಂಡಳೇ? ನಮ್ಮ ಮನೆಯದಾದರೆ ಕಣ್ಣೆದುರಿಗೇ ಇದೆಯಲ್ಲ. ಟೀವಿಯಲ್ಲಿ ಇಂಗ್ಲಿಷ್ ಚಾನೆಲ್ ಬಂದ್ ಆಯಿತು. ಇಂಗ್ಲಿಷ್ ಪೇಪರನ್ನು ಓದಿ ಮಡಚಿ ಬ್ಯಾಗಿಗೆ ಸೇರಿಸುವಳು. ಫೋನಿನಲ್ಲಿ ಇಂಗ್ಲಿಷ್ ಮಾತಾಡಬೇಕಾದರೆ ಬಚ್ಚಲಿಗೆ ಹೋಗಿ ಅಗುಳಿ ಹಾಕಿಕೊಳ್ಳುವಳು. ನನ್ನ ಮಗ ಒಂದು ಸಲ ಊಟ ಮಾಡುತ್ತಾ "ಥ್ಯಾಂಕ್ಯೂ" ಅಂದುಬಿಟ್ಟ. ಸೊಸೆ ನೋಡಿದ ನೋಟಕ್ಕೆ ಬಾಯಲ್ಲಿದ್ದ ತುತ್ತನ್ನು ನುಂಗಲಾರದೆ ಒದ್ದಾಡಿದ. ಇಂಗ್ಲಿಷ್ ಮೇಡಂ ಮನೆಯಲ್ಲಿ ಇಂಗ್ಲಿಷಿಗೆ ಬರ, ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇ ತಾನೆ?

ಆದರೆ ಚೂಟಿಗೆ ಆ ಹೆಸರಿಟ್ಟವಳು ನಾನು, ಸುಮ್ಮಸುಮ್ಮನೆ ಇಟ್ಟದ್ದಲ್ಲ. ಅವಳ ಗೆಳತಿಯೊಬ್ಬಳು ಕಲಿಸುವ ಗುಂಪಿನಲ್ಲಿದ್ದಳು. ಬಸ್ಸಿಗೆ ಕಾಯುವಾಗ ಆವತ್ತು ಕಲಿತದ್ದನ್ನೆಲ್ಲ ಗೆಳತಿ ಒಪ್ಪಿಸುವಳು, ಚೂಟಿ ಹೀರಿಕೊಳ್ಳುವಳು. ಸಂಜೆ ತಾರಸಿಯ ಮೇಲೆ ಬಟ್ಟೆ ತೆಗೆಯುವ ನೆಪದಲ್ಲಿ ನನ್ನನ್ನು ನೀರಿನ ತೊಟ್ಟಿಯ ಹಿಂದೆ ಕೂರಿಸಿಕೊಂಡು ಮಾತು ಶುರುಮಾಡುವಳು. ಎದುರಿಗೆ ಒಬ್ಬರು ಬೇಕಲ್ಲ, ಆ ಒಬ್ಬರು ನಾನು. ನನಗೆ ಎರಡೇ ಮಾತು ಹೇಳಿಕೊಟ್ಟಿದ್ದಳು: "ಹೌದಾ" ಅನ್ನುವುದಕ್ಕೆ "ಐ ಸೀ", "ಆಮೇಲೆ?" ಅನ್ನುವುದಕ್ಕೆ "ಅಂಡ್ ದೆನ್?" ಅವಳು ಕೈಯಾಡಿಸುತ್ತಾ ಹೇಳುವಳು, ನಾನು ದೊಡ್ಡ ಆಫೀಸರಮ್ಮನ ಹಾಗೆ ಗದ್ದ ಎತ್ತಿ "ಐ ಸೀ... ಅಂಡ್ ದೆನ್?" ಅನ್ನುವೆ. ಬಿದ್ದು ಬಿದ್ದು ನಗುವಳು. ಅರ್ಥ ಒಂದೂ ಆಗದಿದ್ದರೂ ಧ್ವನಿ ತಿಳಿಯುತ್ತಿತ್ತು. ಮೊದಮೊದಲು ಕುಂಟುತ್ತಿದ್ದ ಮಾತು ಬರುಬರುತ್ತಾ ಎಲ್ಲೂ ನಿಲ್ಲದೆ ಓಡತೊಡಗಿತು. ಕೇಳಲು ಹಿತವಾಗಿತ್ತು.

ಮಧ್ಯದಲ್ಲೊಂದು ಪರೀಕ್ಷೆ ಬಂತು. ಆವತ್ತು ಸೊಸೆ ಚಪ್ಪಲಿ ಬಿಡದೆ ಒಳಗೆ ಬಂದಳು.

"ಎಲ್ಲಿ ಕಲಿತೆ?" ಅಂದಳು ಚೂಟಿಗೆ.

ಚೂಟಿ ಸುಳ್ಳು ಹೇಳಲಿಲ್ಲ. ಎಲ್ಲ ಕೇಳಿ ಸೊಸೆ ಕುರ್ಚಿಯಲ್ಲಿ ಕುಸಿದು ಕೂತಳು. ಕಲಿಸದ ಗುಂಪಿನ ಚೂಟಿ ಕಲಿಸುವ ಗುಂಪಿನ ಎಲ್ಲರಿಗಿಂತ ಚೆನ್ನಾಗಿ ಮಾತಾಡಿದ್ದಳಂತೆ. ಸಂಶೋಧನೆಗೆ ದಾರಿ ತೋರಿಸುವವರನ್ನು ಗೈಡ್ ಅನ್ನುತ್ತಾರೆ. ಆ ಗೈಡ್ ಸಾಹೇಬರು, ಹೀಗಾದರೆ ನಿನ್ನ ವಿಧಾನವನ್ನು ಯಾರು ನಂಬುತ್ತಾರಮ್ಮ ಅಂದಿದ್ದರಂತೆ. ಒಬ್ಬಳನ್ನು ಪಟ್ಟಿಯಿಂದ ತೆಗೆದರೆ ಯಾಕೆ ತೆಗೆದೆ ಅಂತ ಕೇಳುತ್ತಾರೆ. ಡಾಕ್ಟರೇಟ್ ಸಿಗದಿದ್ದರೆ ಇವಳ ಕೆಲಸ ಕಾಯಂ ಆಗುವುದಿಲ್ಲ.

"ಅತ್ತೆ, ನಂದು ತಪ್ಪಾ?" ಅಂತ ಚೂಟಿ ಕೇಳಿದಳು. ಸೊಸೆ ನನಗೆ ಅತ್ತೆ ಅಂದರೆ, ಸೋದರಮಾವನ ಹೆಂಡತಿ ಅಂತ ಚೂಟಿ ಅವಳಿಗೆ ಅತ್ತೆ ಅನ್ನುತ್ತಾಳೆ.

"ತಪ್ಪು ಅಂತಲ್ಲ ಪುಟ್ಟಾ." ಸೊಸೆಯ ಧ್ವನಿಗೆ ಬೆಣ್ಣೆ ಹತ್ತಿಕೊಂಡಿತು. ಪುಟ್ಟ ಅಂದಳು ಅಂದಾಗಲೇ ಏನೋ ಕಾದಿದೆ ಅಂತ ನನಗೆ ಗೊತ್ತಾಯಿತು. "ಕೊನೇ ಪರೀಕ್ಷೇಲಿ ಸ್ವಲ್ಪ... ಬರದವರ ಹಾಗೆ ಮಾತಾಡು. ತಡವರಿಸು. ಅದು ನನ್ನ ಕೆಲಸಕ್ಕೆ ಮಾತ್ರ, ನಿನ್ನ ಅಂಕಪಟ್ಟಿಗೆ ಬರಲ್ಲ. ಆಸ್ಪತ್ರೇಲಿ ನೀನು ಎಷ್ಟು ಬೇಕಾದ್ರೂ ಚೆನ್ನಾಗಿ ಮಾತಾಡ್ಕೋ, ಯಾರು ಬೇಡ ಅಂತಾರೆ?"

ನನಗೆ ಮೈಯೆಲ್ಲ ಉರಿಯಿತು. "ಚೀಟಿ ಆ ಕಡೆ ಇಡು ಅಂದ್ರೆ ಮೋಸ ಅಂದೆ. ಈಗ ಇದೇನೇ? ಹೆತ್ತಿದ್ರೆ ಗೊತ್ತಾಗ್ತಿತ್ತು ನಿಂಗೆ!"

ಆಡಬಾರದ ಮಾತು, ಆಡಿದೆ. ಆಡಿದ್ದಕ್ಕೆ ನನಗೆ ಬೇಸರವೇನೂ ಇಲ್ಲ. ಸೊಸೆ ಎದ್ದು ನಿಂತು, ನನ್ನ ಕಡೆ ನೋಡದೆ ಗಂಡನಿಗೆ ಹೇಳಿದಳು: "ಇವರಿಬ್ಬರಿಗೂ ಬೇರೆ ಕಡೆ ವ್ಯವಸ್ಥೆ ಮಾಡಿ. ನನ್ನಿಂದ ಆಗಲ್ಲ."

ನನ್ನ ಮಗ ಕನ್ನಡಕ ತೆಗೆದು ಒರೆಸಿದ. ಹಾಕಿಕೊಂಡ. ಮತ್ತೆ ತೆಗೆದು ಒರೆಸಿದ. ಗಂಡಸು!

"ಆಯ್ತು ಅತ್ತೆ. ತಡವರಿಸ್ತೀನಿ," ಅಂದಳು ಚೂಟಿ.

ಕೊನೆಯ ಪರೀಕ್ಷೆಯಾದ ಮೇಲೆ ಗೈಡ್ ಸಾಹೇಬರು ಮನೆಗೇ ಬಂದರು. ನುಣ್ಣಗೆ ಬಾಚಿದ ತಲೆ, ಮೆತ್ತಗಿನ ಮಾತು. ಸೊಸೆ ಫೋನಿನಲ್ಲಿ ಧ್ವನಿ ಹಚ್ಚಿದಳು. ಅದು ಚೂಟಿಯದು. ಒಂದು ಮಾತಿಗೆ ಮೂರು ಸಲ ಮುಗ್ಗರಿಸಿ, ನಡುವೆ ಎಂಜಲು ನುಂಗಿ, "ಅದೂ... ಅದೂ..." ಅಂತ ನಿಂತುಬಿಡುವ ಧ್ವನಿ. ನಮ್ಮ ಹುಡುಗಿ ಹೇಳಿದ ಕೆಲಸವನ್ನು ಯಾವತ್ತೂ ಅರ್ಧಂಬರ್ಧ ಮಾಡಿದವಳಲ್ಲ. ಸಾಹೇಬರು ತೊಡೆ ತಟ್ಟಿಕೊಂಡು ನಕ್ಕು, ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದರು.

"ನೋಡಿ, ಕಲಿಸದೆ ಬಿಟ್ರೆ ಹೀಗಾಗತ್ತೆ! ಇದೊಂದು ಸಾಕು. ಪರೀಕ್ಷಕರ ಸಭೇಲಿ ಇದನ್ನೇ ಕೇಳಿಸೋಣ. ನಂಗೂ ಕಳಿಸಿ."

ಅವರಿಗೆ ಕಾಫಿ ಲೋಟ ಕೊಟ್ಟವಳು ಚೂಟಿ. ತಗೊಂಡು, ಅವಳ ಮುಖ ನೋಡಿ, "ನೀನೇ ಅಲ್ವಾ? ಬೇಜಾರ್ ಮಾಡ್ಕೋಬೇಡಮ್ಮ," ಅಂದರು. ಮಧ್ಯದ ಪರೀಕ್ಷೆಯಲ್ಲಿ ಅವಳು ಹೇಗೆ ಮಾತಾಡಿದ್ದಳು ಅಂತ ಅವರಿಗೂ ಗೊತ್ತಿತ್ತು. ಗೊತ್ತಿದ್ದೇ ಹಾಗಂದರು.

ಸಭೆಯಾಯಿತು, ಚಪ್ಪಾಳೆಯಾಯಿತು, ಸೊಸೆಗೆ ಡಾಕ್ಟರೇಟ್ ಬಂತು. ಗೈಡ್ ಸಾಹೇಬರ ಹೆಸರೂ ಪೇಪರಿನಲ್ಲಿ ಬಂತು. ಅದರ ಬೆನ್ನಿಗೇ ಆಸ್ಪತ್ರೆಯ ಸಂದರ್ಶನ.

ಚೂಟಿಯ ಜೊತೆಗೆ ನಾನೇ ಹೋದೆ. ಉದ್ದನೆಯ ಪಡಸಾಲೆ, ಫಿನಾಯಿಲ್ ವಾಸನೆ, ಗೋಡೆಗೆ ತಾಗಿಸಿದ ಬೆಂಚು. ಅವಳನ್ನು ಒಳಗೆ ಕರೆದಾಗ ಬಾಗಿಲನ್ನು ಯಾರೂ ಪೂರ್ತಿ ಮುಚ್ಚಲಿಲ್ಲ. ಮೇಜಿನ ಆಚೆ ಮೂವರು ಕೂತಿದ್ದರು. ನಡುವೆ ಬಿಳಿ ಕೋಟಿನ ದೊಡ್ಡ ಮೇಡಂ, ಒಂದು ಕಡೆ ಯಾರೋ ಮುದುಕರು, ಇನ್ನೊಂದು ಕಡೆ ನುಣ್ಣಗೆ ಬಾಚಿದ ತಲೆ. ಭಾಷೆ ಪರೀಕ್ಷಿಸುವುದಕ್ಕೆ ಅಂತ ಆಸ್ಪತ್ರೆಯವರು ಕರೆಸಿದ್ದು ನಮ್ಮ ಗೈಡ್ ಸಾಹೇಬರನ್ನೇ!

ಚೂಟಿಯೂ ನೋಡಿರಬೇಕು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಆಮೇಲೆ ಅವಳ ಮಾತು ಹೊರಟಿತು. ತಾರಸಿಯ ಮೇಲಿನದೇ ಮಾತು, ಎಲ್ಲೂ ಎಡವದ ಮಾತು. ಬಿಳಿ ಕೋಟಿನ ಮೇಡಂ ಏನೋ ಕೇಳಿದರು, ಇವಳು ಉತ್ತರಿಸಿದಳು, ಮೇಡಂ ನಕ್ಕರು. ಅದು ಮೆಚ್ಚಿದ ನಗೆ, ಅಷ್ಟು ನನಗೆ ಗೊತ್ತಾಗುತ್ತದೆ. ಬೆಂಚಿನ ಮೇಲೆ ಕೂತು ನಾನು ಮೆಲ್ಲಗೆ "ಐ ಸೀ, ಅಂಡ್ ದೆನ್" ಅಂತ ಅನ್ನುತ್ತಲೇ ಇದ್ದೆ. ಗೆದ್ದಳು ಅಂದುಕೊಂಡೆ.

ಅಷ್ಟರಲ್ಲಿ ಚೂಟಿ ತಡವರಿಸತೊಡಗಿದಳು.

ಇದೇನಾಯಿತು ಕೂಸಿಗೆ, ಚೆನ್ನಾಗಿ ಮಾತಾಡುತ್ತಿದ್ದಳಲ್ಲ? "ಅದೂ... ಅದೂ..." ಅನ್ನುತ್ತಿದೆ ಧ್ವನಿ, ಎಂಜಲು ನುಂಗುತ್ತಿದೆ. ಎದ್ದು ಬಾಗಿಲ ಸಂದಿಯಿಂದ ನೋಡಿದೆ. ಚೂಟಿಯ ಬಾಯಿ ಮುಚ್ಚಿತ್ತು. ಧ್ವನಿ ಬರುತ್ತಿದ್ದದ್ದು ಮೇಜಿನ ಮೇಲಿಟ್ಟ ಗೈಡ್ ಸಾಹೇಬರ ಫೋನಿನಿಂದ. ಮೂವರೂ ತಲೆ ಬಗ್ಗಿಸಿಕೊಂಡು ಕೇಳುತ್ತಿದ್ದರು. ಚೂಟಿ ನಿಂತುಕೊಂಡು ತನ್ನದೇ ಧ್ವನಿಯನ್ನು ಕೇಳುತ್ತಿದ್ದಳು.

ಧ್ವನಿ ನಿಂತಿತು. ಸಾಹೇಬರು ಮೆತ್ತಗೆ ಕನ್ನಡದಲ್ಲೇ ಹೇಳಿದರು: "ಇದು ಇವಳ ನಿಜವಾದ ಮಾತು, ಮೇಡಂ. ಮೊನ್ನೆ ಮೊನ್ನೆಯದು. ಈಗ ಆಡಿದ್ದು ಬಾಯಿಪಾಠ. ರೋಗಿ ಮುಂದೆ ಬಾಯಿಪಾಠ ನಡೆಯಲ್ಲ. ಅಲ್ವೇನಮ್ಮಾ? ನೀನೇ ಹೇಳು, ಇದು ನಿನ್ನ ಧ್ವನಿ ತಾನೆ?"

ಬಿಳಿ ಕೋಟಿನ ಮೇಡಂ ಅವಳ ಮುಖವನ್ನೇ ನೋಡುತ್ತಿದ್ದರು. ಒಂದು ಮಾತು ಸಾಕಾಗಿತ್ತು. ಬೇಕಂತಲೇ ತಡವರಿಸಿದೆ, ಹೀಗೆ ಮಾಡು ಅಂದವರು ನಮ್ಮ ಅತ್ತೆ ಅಂತ ಒಂದೇ ಒಂದು ಮಾತು. ಹೇಳೇ ಹೇಳೇ ಅಂತ ನನ್ನ ಜೀವ ಒಳಗೇ ಕೂಗಿಕೊಂಡಿತು.

"ಹೌದು, ನಂದೇ," ಅಂದಳು ಚೂಟಿ.

ಹೊರಗೆ ಬಂದು ನನ್ನ ಪಕ್ಕದಲ್ಲಿ ಕೂತು ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡಳು. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದಿತ್ತು. "ಬಾಯಿ ಸತ್ತಿತ್ತೇನೇ ನಿಂಗೆ? ಹೇಳೋಕೇನಾಗಿತ್ತು?"

"ಹೇಳಿದ್ರೆ ಅತ್ತೆ ಕೆಲಸ ಹೋಗ್ತಿತ್ತು. ಇವರೂ ಇದ್ದಾರೆ ಅಲ್ಲಿ, ಸೀಟು ಕೊಟ್ಟೇಕೊಡ್ತಾರೆ ಅಂತ ಏನು ಗ್ಯಾರಂಟಿ? ಕೊಡದೇ ಇದ್ರೆ ಇವತ್ತು ರಾತ್ರಿ ನಾವಿಬ್ರೂ ಎಲ್ಲಿ ಮಲಗೋದು ಅಜ್ಜಿ?"

ಅವಳ ಕೈ ಹಿಡಿದುಕೊಂಡು ಎದ್ದೆ, ಬಸ್ಸು ಹತ್ತಿದೆವು.

ಸೊಸೆಗೆ ಸುದ್ದಿ ನಮಗಿಂತ ಮೊದಲೇ ಫೋನಿನಲ್ಲಿ ಬಂದಿತ್ತು. ಬಾಗಿಲಲ್ಲೇ ಚೂಟಿಯ ಕೆನ್ನೆ ಸವರಿದಳು. "ಸರ್ ಹೇಳಿದ್ರು, ನೀನು ನನ್ನ ಮಾನ ಕಾಪಾಡಿದೆಯಂತೆ. ಸೀಟ್ ಹೋದ್ರೆ ಹೋಗ್ಲಿ ಬಿಡು. ಸಂಶೋಧನೆ ಮುಗೀತಲ್ಲ, ಇನ್ಮೇಲೆ ನಾನೇ ನಿಂಗೆ ಇಂಗ್ಲಿಷ್ ಕಲಿಸ್ತೀನಿ. ನಾಳೆಯಿಂದ ದಿನಾ ಸಂಜೆ ಕೂತ್ಕೋ. ಪುಸ್ತಕ ಬೇಡ, ಬರೀ ಮಾತು."

ಕಲಿಸುತ್ತಿದ್ದಾಳೆ ಕೂಡ. ಫಲಕದ ಬಾಗಿಲು ತೆರೆದು, ಬಂದವರಿಗೆಲ್ಲ ಕಾಣುವ ಹಾಗೆ ಹಜಾರದಲ್ಲಿ ಎದುರುಬದುರು ಕೂತು ಕಲಿಸುತ್ತಾಳೆ. ಚೂಟಿ ಒಂದೊಂದೇ ಮಾತನ್ನು ನಿಧಾನವಾಗಿ, ಮುಗ್ಗರಿಸಿ ಮುಗ್ಗರಿಸಿ ಹೇಳುತ್ತಾಳೆ. ನಿನ್ನೆಗಿಂತ ಇವತ್ತು ವಾಸಿ ಅಂತ ಸೊಸೆ ಬೆನ್ನು ತಟ್ಟುತ್ತಾಳೆ.

ಮೊನ್ನೆ ಸಂಜೆ ನಾನು ಮೊಣಕಾಲು ಹಿಡಿದುಕೊಂಡು ತಾರಸಿ ಹತ್ತಿದೆ. ಚೂಟಿ ಬಟ್ಟೆ ತೆಗೆಯುತ್ತಿದ್ದಳು. ತೊಟ್ಟಿಯ ಹಿಂದೆ ನನ್ನ ಹಳೆಯ ಜಾಗದಲ್ಲಿ ಕೂತು, ಗದ್ದ ಎತ್ತಿ, ನಾನೇ ಶುರುಮಾಡಿದೆ.

"ಐ ಸೀ," ಅಂದೆ. ಅವಳು ತಿರುಗಲಿಲ್ಲ. "ಅಂಡ್ ದೆನ್?" ಅಂದೆ.

"ಏಳಜ್ಜಿ, ನೆಲ ತಣ್ಣಗಿದೆ," ಅಂದಳು, ಬಟ್ಟೆ ಮಡಚುತ್ತಾ.