ಮಗನ ಧರ್ಮತಂದೆಗೆ ಹೇಳಲಾಗದ ಮಾತು

ದೂರದ ದ್ವೀಪದೇಶವೊಂದರ ಇಲೊಯಿಲೊ ಸೀಮೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಮನೆಯಿದೆ. ವಾರ್ಡುಗಳ ಮಾಸಿದ ಹಾಸುಬಟ್ಟೆಯೆಲ್ಲ ಅಲ್ಲಿಗೇ ಬರುತ್ತದೆ. ಮಿಲಾಗ್ರಿಂಗ್ ಅಲ್ಲಿಯ ಕೆಲಸದವಳು. ಒಂದು ಬೆಳಿಗ್ಗೆ ಗಂಟು ಬಿಚ್ಚುವಾಗ ಒಳಗೆ ಉಳಿದಿದ್ದ ಇಂಜೆಕ್ಷನ್ ಸೂಜಿ ಅವಳ ಬೆರಳಿಗೆ ಹೊಕ್ಕಿತು. ಯಾವ ರೋಗಿಯದೋ ದೇವರೇ ಬಲ್ಲ. ಮೇಲಿನವರಿಗೆ ಹೇಳದೆ ಊರಿನ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡಳು. ಕೆಲವು ವಾರ ಜೀವ ಕೈಯಲ್ಲಿ ಹಿಡಿದು ಕಾದಳು. ದೇವರ ದಯೆ, ಏನೂ ಅಂಟಿರಲಿಲ್ಲ.

ಗಂಡ ರುಫಿನೊ ಮಾತ್ರ ಹಟ ಹಿಡಿದ. "ಇನ್ನೊಂದು ಸಲ ಚುಚ್ಚಲಿ ಅಂತ ಕಾಯ್ತೀಯಾ? ಕೆಲಸ ಬಿಟ್ಟುಬಿಡು."

ಸಂಜೆಯ ಬಿಡುವಿನಲ್ಲಿ ಕರಿದ ಬಾಳೆಕಾಯಿ ತಿನ್ನುವಾಗ, ಸೂಜಿಯ ವಿಷಯ ತಿಳಿದಿದ್ದ ನೌಕರರ ಸಂಘದ ಪಿಲಾರ್ ಅವಳ ಪಕ್ಕದಲ್ಲಿ ಕುಳಿತಳು.

"ಶುಕ್ರವಾರ ಸಭೆ ಇದೆ ತಂಗಿ. ಅಧಿಕಾರಿಗಳೂ ನಾವೂ ಒಂದೇ ಮೇಜಿಗೆ ಕೂರ್ತೀವಿ. ಬಂದು ಹೇಳು."

"ನಾನಾ? ಎವಾರಿಸ್ತೊ ಸರ್ ಎದುರಿಗಾ? ನಮ್ಮ ವಿಭಾಗದ ಮುಖ್ಯಸ್ಥರು ಬೇರೆ, ನನ್ನ ಮಗನ ಧರ್ಮತಂದೆ ಬೇರೆ! ಚರ್ಚಲ್ಲಿ ಜ್ಞಾನಸ್ನಾನದ ದಿನ ಮಗೂನ ಎತ್ತಿಕೊಂಡೋರ ಮೇಲೆ ದೂರು ಹೇಳ್ಲಾ ಅಕ್ಕಾ?"

"ಇಲ್ಲಿ ಯಾರ ಮಗೂಗೆ ಅವರು ಧರ್ಮತಂದೆ ಅಲ್ಲ, ಹೇಳು! ಅದಕ್ಕೇ ಎಲ್ಲರೂ ಮೂಕರು. ಎದುರಿಗೆ 'ಎಲ್ಲ ಚೆನ್ನಾಗಿದೆ ಸರ್' ಅಂತ ನಗೋದು, ಅವರು ಆ ಕಡೆ ತಿರುಗಿದ ಕೂಡಲೇ ಬಾಳೆಕಾಯಿ ಜೊತೆ ಅವರನ್ನೂ ಅಗಿಯೋದು."

ಮಿಲಾಗ್ರಿಂಗ್‌ಗೆ ನಗು ಬಂತು. "ಅವರು ಬೇಜಾರು ಮಾಡ್ಕೊಂಡ್ರೆ?"

"ದೂರು ಯಾಕೆ ಹೇಳ್ತೀಯಾ? ಆದದ್ದನ್ನ ಹೇಳು, ಸಾಕು. ದಾರಿ ಎಲ್ಲರೂ ಸೇರಿ ಹುಡುಕೋಣ."

ಶುಕ್ರವಾರ ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು. ಎವಾರಿಸ್ತೊ ಅವರ ಮುಖ ಬಾಡಿತು.

"ನಾವು ನೆಂಟರಿದ್ದ ಹಾಗಲ್ವೇನಮ್ಮಾ? ನನಗ್ಯಾಕೆ ಹೇಳ್ಲಿಲ್ಲ?"

"ನೆಂಟರಾದ್ದಕ್ಕೇ ಸರ್."

ಮುಖ್ಯ ದಾದಿ ಸಿಡುಕಿದರು. "ರಾತ್ರಿ ಒಬ್ಬಳೇ ದಾದಿ ಇಡೀ ವಾರ್ಡ್ ನೋಡ್ಬೇಕು. ಬಳಸಿದ ಸೂಜಿ ಹಾಕೋ ಡಬ್ಬಿ ಇರೋದು ಬಾಗಿಲ ಹತ್ತಿರ. ಎಷ್ಟು ಸಲ ಓಡ್ತಾಳೆ ಪಾಪ?"

ಆ ಕಷ್ಟ ಒಗೆಯುವ ಮನೆಯವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಸಂಜೆಯೊಳಗೆ ಮಾತು ಒಂದಾಯಿತು. ಡಬ್ಬಿಯನ್ನು ಔಷಧಿಯ ಗಾಡಿಯ ಮೇಲೇ ಇಡುವುದು. ದಪ್ಪ ಕೈಗವಸು ತರಿಸುವುದು. ಒಗೆದ ಬಟ್ಟೆಯನ್ನು ಇನ್ನು ಮುಂದೆ ಒಗೆಯುವ ಮನೆಯವರೇ ವಾರ್ಡಿಗೆ ಮುಟ್ಟಿಸುವುದು; ದಾದಿಯರಿಗೆ ಅಷ್ಟು ನಡಿಗೆ ತಪ್ಪುತ್ತದೆ. ಡಬ್ಬಿ ಮರುದಿನವೇ ಗಾಡಿ ಏರಿತು. ಕೈಗವಸು ತಡವಾಯಿತು, ಮಿಲಾಗ್ರಿಂಗ್ ಮುಂದಿನ ಸಭೆಯಲ್ಲಿ ಅದನ್ನೂ ಕೇಳಿದಳು, ಈ ಸಲ ತಲೆಯೆತ್ತಿ.

ಕೈಗವಸು ಬಂದ ದಿನ ರುಫಿನೊ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಸರಿ, ಕೆಲಸಕ್ಕೆ ಹೋಗು. ಆದ್ರೆ ಸಭೆ ತಪ್ಪಿಸಬೇಡ" ಎಂದ.

ಸರ್ಕಾರಿ ಕೆಲಸದಲ್ಲಿರುವ ಮಕ್ಕಳೇ, ನೋವನ್ನು ನಗುವಿನಲ್ಲಿ ಮುಚ್ಚಿಟ್ಟು ಹಾಗೆಯೇ ತೀರಿಹೋದ ನಮ್ಮ ಮನೆಯವಳೊಬ್ಬಳಿಗಾಗಿ, ಈ ಕತೆ ಹೇಳುವ ನಾನು ದಿನವೂ ಮೇಣದಬತ್ತಿ ಹಚ್ಚುತ್ತೇನೆ. ನಿಮ್ಮ ಮನೆಯವರಿಗೆ ಹಾಗೆ ಬತ್ತಿ ಹಚ್ಚುವ ಕೆಲಸ ಬಾರದಿರಲಿ. ಅಧಿಕಾರದಲ್ಲಿರುವವರೇ, ಕರೆದು ಕೇಳಿ. ದುಡಿಯುವವರೇ, ಮುಂದಿನ ಸಭೆಗೆ ಹೋಗಿ, ಕುಳಿತು, ಹೇಳಿ.